ಕಥೆ ಬರೆಯದವನ ಸಂಪಾದನೆ

ಮದುವೆ ಮನೆಯಲ್ಲಿ ಹೊಸಬರಿಗೆ ನನ್ನನ್ನು ಪರಿಚಯಿಸುವಾಗ ನನ್ನ ಭಾವಮೈದುನ ತಪ್ಪದೆ ಒಂದು ಮಾತು ಸೇರಿಸುತ್ತಾನೆ: “ನಮ್ಮ ಭಾವ ಬರೀತಾರೆ.” ಹೊಸಬರ ಮುಖ ಅರಳುತ್ತದೆ. “ಓಹೋ, ಕಾದಂಬರಿಯಾ?” ಅಲ್ಲ ಎನ್ನುತ್ತೇನೆ. “ಕಥೆ?” ಅದೂ ಅಲ್ಲ. “ಹಾಗಾದ್ರೆ ಕವನ ಇರಬೇಕು.” ಇಲ್ಲವೆಂದು ತಲೆಯಾಡಿಸುವ ಹೊತ್ತಿಗೆ ಅರಳಿದ ಮುಖ ಅರ್ಧ ಮುಚ್ಚಿರುತ್ತದೆ. “ಮತ್ತೇನು ಬರೀತೀರಿ?” “ಹೀಗೇ... ಕೊಬ್ಬರಿ ಹೇಗಾಗುತ್ತೆ, ಲಾರಿ ಹಿಂದೆ ಚಿತ್ರ ಬರೆಯೋರು ಯಾರು, ಪಾತ್ರೆಗೆ ಕಲಾಯಿ ಯಾಕೆ ಹಾಕ್ತಾರೆ, ಅಂಥವು.” “ಓ” ಎಂದು, ಎರಡನೇ ಪಂಕ್ತಿಗೆ ಎಲೆ ಹಾಕಿದರೋ ಏನೋ ನೋಡುವ ನೆಪದಲ್ಲಿ ಅವರು ಎದ್ದು ಹೋಗುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಬರೆಯುವುದಕ್ಕೆ ಒಬ್ಬ ಬರಹಗಾರ ಯಾಕೆ ಬೇಕು ಎಂಬ ಸಂಶಯ ಲೋಕಕ್ಕೆ ಮೊದಲಿನಿಂದಲೂ ಇದೆ. ಇದ್ದದ್ದು ಹೇಗಿದೆ ಎಂದು ತಿಳಿಯುವುದರಲ್ಲೇ ಅರ್ಧ ಆಯುಷ್ಯ ಕಳೆಯುತ್ತದೆ ಎಂದು ಹೇಳೋಣವೆಂದರೆ ಅಷ್ಟರಲ್ಲಿ ಉಪ್ಪು ಬಡಿಸುವವನು ಬಂದಿರುತ್ತಾನೆ.

ಇಂಥ ಸಂದರ್ಭಕ್ಕೆಂದೇ ನನ್ನ ಬಳಿ ಒಂದು ಪಟ್ಟಿ ಇದೆ: ಕೇಂದ್ರ ಸಾಹಿತ್ಯ ಅಕಾಡೆಮಿಯವರು ಕನ್ನಡದ ಪುಸ್ತಕಗಳಿಗೆ ಕೊಟ್ಟ ಪ್ರಶಸ್ತಿಗಳ ಪಟ್ಟಿ. 1955ರ ಮೊದಲನೆಯದು ಕುವೆಂಪು ಅವರ ಮಹಾಕಾವ್ಯಕ್ಕೆ. ಸರಿ, ಅದಕ್ಕೆ ಎದುರಾಡುವವರಾರು? ಮರುವರ್ಷವೇ ನೋಡಿ, ರಂ.ಶ್ರೀ. ಮುಗಳಿಯವರ ‘ಕನ್ನಡ ಸಾಹಿತ್ಯ ಚರಿತ್ರೆ’. 1959ರಲ್ಲಿ ಶಿವರಾಮ ಕಾರಂತರಿಗೆ. ಅಷ್ಟು ಹೊತ್ತಿಗೆ ‘ಚೋಮನ ದುಡಿ’, ‘ಮರಳಿ ಮಣ್ಣಿಗೆ’, ‘ಬೆಟ್ಟದ ಜೀವ’ ಎಲ್ಲ ಬಂದು, ಓದಿಸಿಕೊಂಡು, ಮನೆಮಾತಾಗಿದ್ದವು. ಆದರೆ ಪ್ರಶಸ್ತಿ ಹೋದದ್ದು ‘ಯಕ್ಷಗಾನ ಬಯಲಾಟ’ಕ್ಕೆ. 1969ರಿಂದ 1972ರವರೆಗೆ ಸಾಲಾಗಿ ನಾಲ್ಕು ವರ್ಷ ಕಥೆಗೂ ಇಲ್ಲ, ಕವನಕ್ಕೂ ಇಲ್ಲ, ಎಲ್ಲ ವಿಚಾರ ವಿಮರ್ಶೆಯ ಪುಸ್ತಕಗಳಿಗೇ. ‘ಕೊರವಂಜಿ’ ನಡೆಸಿ ಕಾಲು ಶತಮಾನ ನಾಡನ್ನು ನಗಿಸಿದ ಡಾಕ್ಟರ್ ಎಂ. ಶಿವರಾಂ, ಅಂದರೆ ನಮ್ಮ ರಾಶಿಯವರು, 1976ರಲ್ಲಿ ಪ್ರಶಸ್ತಿ ಪಡೆದದ್ದು ಮನೋವೈದ್ಯದ ‘ಮನಮಂಥನ’ಕ್ಕೆ. 1967ರಲ್ಲಿ ತಂದೆ ಡಿ.ವಿ. ಗುಂಡಪ್ಪನವರಿಗೆ ಗೀತೆಯ ಮೇಲಿನ ಪುಸ್ತಕಕ್ಕೆ ಬಂತು; 1978ರಲ್ಲಿ ಮಗ ಬಿ.ಜಿ.ಎಲ್. ಸ್ವಾಮಿಯವರಿಗೆ ಗಿಡಮರ ಹುಡುಕಿಕೊಂಡು ಕಾಡು ಸುತ್ತಿದ ‘ಹಸುರು ಹೊನ್ನು’ವಿಗೆ. ಅಪ್ಪ ಮಗ ಇಬ್ಬರಿಗೂ ಅಕಾಡೆಮಿ, ಇಬ್ಬರದೂ ಕಥೆಯಲ್ಲ.

ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಾಗ ಭಾವಮೈದುನ ಕೇಳಿದ: “ಅದೆಲ್ಲ ಸರಿ ಭಾವ. ಅವರು ಕಾರಂತರು, ಡಿವಿಜಿ. ನಿಮ್ಮದು ಕೊಬ್ಬರಿ.”

ಕೊಬ್ಬರಿಯ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ತಿಪಟೂರು ಕಡೆಯವನಾದ್ದರಿಂದ ನನ್ನ ಮೊದಲ ಲೇಖನ ಉಂಡೆ ಕೊಬ್ಬರಿಯ ಮೇಲೆ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಎನ್ನುವವರೆಗೆ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಬಿಸಿಲಿಗಿಟ್ಟು ಅವಸರಪಡಿಸಿದರೆ ಅದು ತಿಪಟೂರು ಕೊಬ್ಬರಿ ಆಗುವುದಿಲ್ಲ. ಇದನ್ನೆಲ್ಲ ಬರೆದ ಲೇಖನ ಒಂದು ಪತ್ರಿಕೆಯಲ್ಲಿ ಅಚ್ಚಾದ ವಾರವೇ ನಮ್ಮಮ್ಮ ಅಟ್ಟಕ್ಕೆ ಕಾಯಿ ಹಾಕಿಸಿದ್ದರು. ಆ ಕಾಯಿ ಕೊಬ್ಬರಿಯಾಯಿತು, ಸುಲಿಸಿಕೊಂಡಿತು, ಮಾರುಕಟ್ಟೆಗೆ ಹೋಗಿ ಹರಾಜಾಯಿತು, ದುಡ್ಡೂ ಮನೆಗೆ ಬಂತು. ಲೇಖನದ ಸಂಭಾವನೆ ಇನ್ನೂ ಅಟ್ಟದ ಮೇಲೇ ಇತ್ತು. ಕಡೆಗೊಂದು ದಿನ ಚೆಕ್ ಬಂದಾಗ ಅದರ ಮೇಲಿದ್ದದ್ದು ನಾನು ಲೇಖನಕ್ಕೆ ಹಾಕುವ ಹೆಸರು. ಬ್ಯಾಂಕಿನ ಖಾತೆ ಇದ್ದದ್ದು ಶಾಲೆಯ ದಾಖಲೆಯಲ್ಲಿರುವ ಹೆಸರಿಗೆ. ಡಿವಿಜಿಯವರು ತಮಗೆ ಬಂದ ಚೆಕ್ಕುಗಳನ್ನು ನಗದು ಮಾಡಿಸದೆ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟಿದ್ದರೆಂದು ಜನ ಇವತ್ತಿಗೂ ಹೇಳುತ್ತಾರೆ. 1970ರಲ್ಲಿ ಸನ್ಮಾನ ಮಾಡಿ ಕೊಟ್ಟ ನಿಧಿಯನ್ನಂತೂ ಪೂರ್ತಿಯಾಗಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟೇಬಿಟ್ಟರು. ನನ್ನ ಪೆಟ್ಟಿಗೆಯಲ್ಲೂ ನಗದಾಗದ ಒಂದು ಚೆಕ್ ಇದೆ. ತ್ಯಾಗ ಅದಕ್ಕೆ ಕಾರಣವಲ್ಲ.

ಪುಸ್ತಕದ ಗೌರವಧನದ ವಿಚಾರ ಬೇಗ ಮುಗಿಯುತ್ತದೆ. ನೂರಕ್ಕೆ ಹತ್ತು ಎಂಬುದು ರೂಢಿಯ ಮಾತು; ಆ ಹತ್ತನ್ನೂ ಪುಸ್ತಕದ ರೂಪದಲ್ಲೇ ತೆಗೆದುಕೊಳ್ಳುವುದು ಅದಕ್ಕಿಂತ ಹಳೆಯ ರೂಢಿ. ನಮ್ಮ ಮನೆಯ ಮಂಚ ಈಗ ಅಲ್ಲಾಡುವುದಿಲ್ಲ. ಶಾಲುಗಳ ಬಗ್ಗೆ ನಾನು ದೂರುವುದಿಲ್ಲ, ನಮ್ಮೂರಲ್ಲಿ ಡಿಸೆಂಬರ್‌ನಲ್ಲಿ ಚಳಿ ಇರುತ್ತದೆ.

ದುಡ್ಡಿನ ಮಾತು ಬಿಟ್ಟರೆ ಉಳಿದದ್ದೆಲ್ಲ ಲಾಭವೇ. ಮೊದಲನೆಯದು, ತಿಳಿದದ್ದನ್ನು ಇನ್ನೊಬ್ಬರ ಮೇಲೆ ಹೇರುವ ಸುಖ. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ಓದಿದ ಹೊಸತರಲ್ಲಿ ಊಟದ ಎಲೆಯ ಮುಂದೆ ನನಗೆ ಬಾಯಿ ಕಟ್ಟುವುದೇ ಕಷ್ಟವಾಗಿತ್ತು. ಆಲೂಗಡ್ಡೆ ಪಲ್ಯ, ಟೊಮೆಟೊ ಸಾರು, ಚಿತ್ರಾನ್ನದ ಕಡಲೆಕಾಯಿ, ಬಾಳಕದ ಮೆಣಸಿನಕಾಯಿ, ಪಾಯಸದ ಗೋಡಂಬಿ, ಇವೆಲ್ಲ ಸಮುದ್ರದಾಚೆಯ ಆ ನೆಲದಿಂದ ಬಂದವು, ಪೋರ್ಚುಗೀಸರು ಕಾಲಿಡುವ ಮುಂಚೆ ನಮ್ಮ ಹಿರಿಯರ ಖಾರವೆಲ್ಲ ಕರಿಮೆಣಸಿನದು ಎಂದು ಒಂದೊಂದೇ ತೋರಿಸಿ ಹೇಳುತ್ತಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಎಲ್ಲ ಕೇಳಿಸಿಕೊಂಡು ತಮ್ಮ ಎಲೆಯ ತುದಿಗೆ ಕೈ ಅಡ್ಡ ಹಿಡಿದು ಆತಂಕದಿಂದ ಕೇಳಿದರು: “ಹೋಳಿಗೆಗೆ ಏನೂ ತೊಂದರೆ ಇಲ್ಲ ತಾನೇ?”

ಎರಡನೆಯದು ಇದಕ್ಕಿಂತ ದೊಡ್ಡದು. ನನ್ನ ಪ್ರಕಾರ ಇದೇ ನಿಜವಾದ ಸಂಬಳ: ಯಾರನ್ನು ಬೇಕಾದರೂ ಏನನ್ನು ಬೇಕಾದರೂ ಕೇಳುವ ಪರವಾನಗಿ. ಒಬ್ಬರ ಕೆಲಸದ ಮುಂದೆ ಸುಮ್ಮನೆ ಸ್ವಲ್ಪ ಹೊತ್ತು ನಿಂತು ನೋಡಿ, “ಏನ್ ಬೇಕಿತ್ತು?” ಎಂದು ಗದರುತ್ತಾರೆ. ಕೈಯಲ್ಲೊಂದು ನೋಟ್‌ಬುಕ್ ಹಿಡಿದು “ಬರೀಬೇಕಿತ್ತು” ಎನ್ನಿ, ಕುರ್ಚಿ ಬರುತ್ತದೆ, ಹಿಂದೆಯೇ ಟೀ ಬರುತ್ತದೆ. ಹರಾಜು ಕಟ್ಟೆಯ ದಲ್ಲಾಳಿ, ವಾಲಗದವರು, ಬಾವಿ ತೋಡುವವರು, ಎಲ್ಲರೂ “ಇಷ್ಟು ವರ್ಷಕ್ಕೆ ಇದನ್ನ ಕೇಳಿದೋರು ನೀವೇ ಮೊದಲು ಸಾರ್” ಎಂದೇ ಶುರುಮಾಡುತ್ತಾರೆ. ಕಥೆಗಾರನಿಗೆ ಈ ಸೌಲಭ್ಯವಿಲ್ಲ. ಅವನು ಪಕ್ಕದಲ್ಲಿ ಕೂತು ಮಾತಿಗೆಳೆದರೆ ಜನಕ್ಕೆ ಒಳಗೊಳಗೇ ಅಂಜಿಕೆ, ಎಲ್ಲಿ ನಮ್ಮನ್ನು ಪಾತ್ರ ಮಾಡಿಬಿಡುತ್ತಾನೋ ಎಂದು. ನಾನು ಪಾತ್ರೆಯ ಬಗ್ಗೆ ಬರೆಯುವವನು. ನನ್ನ ಹೆದರಿಕೆ ಯಾರಿಗೂ ಇಲ್ಲ.

ಪಾತ್ರೆ ಎಂದದ್ದು ಮಾತಿಗಲ್ಲ. ನಮ್ಮ ಸಂತೆ ಮೈದಾನದ ಮೂಲೆಯಲ್ಲಿ ಬೇವಿನ ಮರದಡಿ ಕಲಾಯಿ ಸಾಬರು ಕೂರುತ್ತಿದ್ದರು. ನೆಲದಲ್ಲೊಂದು ಗುಳಿ, ಅದರ ತುಂಬ ಇದ್ದಿಲು, ಪಕ್ಕದಲ್ಲಿ ಕೈಯಿಂದ ತಿರುಗಿಸುವ ಗಾಳಿಯಂತ್ರ. ಅವರ ತಂದೆಯ ಕಾಲದಲ್ಲಿ ತೊಗಲಿನ ತಿದಿ ಇತ್ತಂತೆ. ಹಿತ್ತಾಳೆಗೂ ತಾಮ್ರಕ್ಕೂ ಹುಳಿಗೂ ಆಗಿಬರುವುದಿಲ್ಲ; ಹುಣಸೆಹಣ್ಣು ಸೋಕಿದರೆ ಕಿಲುಬು ಹತ್ತುತ್ತದೆ, ಸಾರು ಉಂಡವರು ಹಿತ್ತಿಲಿಗೆ ಓಡುತ್ತಾರೆ. ಇಬ್ಬರ ನಡುವೆ ತೆಳ್ಳಗೆ ಒಂದು ಪದರ ತವರ ಇದ್ದರೆ ಸಂಸಾರ ನಡೆಯುತ್ತದೆ. ಕಲಾಯಿ ಎಂದರೆ ಇಷ್ಟೇ.

ಇಷ್ಟೇ ಎಂದೆನಲ್ಲ, ನಾನು ಕೂತು ನೋಡಿದ್ದು ಇಡೀ ಬೆಳಗು. ಸಾಬರು ತಿಕ್ಕಿ ತೊಳೆದ ತಪ್ಪಲೆಯನ್ನು ಇಕ್ಕಳದಲ್ಲಿ ಹಿಡಿದು ಕೆಂಡದ ಮೇಲೆ ಸುತ್ತ ತಿರುಗಿಸಿ ಕಾಯಿಸುತ್ತಾರೆ. ಒಂದು ಚಿಟಿಕೆ ನವಸಾಗರದ ಪುಡಿ ಒಳಕ್ಕೆ ಎರಚಿದರೋ, ಬುಸ್ಸೆಂದು ಬಿಳಿ ಹೊಗೆ. ಮೂಗು, ಕಣ್ಣು, ಗಂಟಲು ಮೂರೂ ಒಟ್ಟಿಗೆ ಉರಿಯುತ್ತವೆ. ಲೋಹಕ್ಕೆ ಹತ್ತಿದ ಮಡ್ಡಿಯೆಲ್ಲ ಬಿಡುವುದು ಆ ಹೊಗೆಯಲ್ಲೇ. ಹೊಗೆ ಆರುವ ಮೊದಲೇ ತವರದ ಕಡ್ಡಿಯನ್ನು ಒಳಮೈಗೆ ಒಂದು ಸಲ ಗೀರುತ್ತಾರೆ. ಗೀರಿದ ಕಡೆ ಕರಗಿದ ತವರ ಹನಿಹನಿಯಾಗಿ ಓಡಾಡುತ್ತದೆ. ಹತ್ತಿಯ ಉಂಡೆ ಹಿಡಿದು ತಳದಿಂದ ಕಂಠದವರೆಗೆ ಸರ್ರನೆ ಒಂದು ಸುತ್ತು ಒರೆಸಿದರೆ, ಈಗ ತಾನೇ ಕಪ್ಪಗಿದ್ದ ಒಳಗೆಲ್ಲ ಬೆಳ್ಳನೆ ಬೆಳಕು. ನೀರಿಗೆ ಅದ್ದಿದರೆ ಚೊಯ್! ಪೂರ್ತಿ ಕೆಲಸಕ್ಕೆ ಬೇಕಾದ ಹೊತ್ತಿಗಿಂತ ನನಗೆ ಬರೆದುಕೊಳ್ಳಲು ಬೇಕಾದ ಹೊತ್ತೇ ಹೆಚ್ಚು. ತವರ 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ ಎಂದು ನಾನು ಮೇಷ್ಟ್ರ ಗತ್ತಿನಲ್ಲಿ ಹೇಳಿದೆ. “ಹೌದಾ?” ಎಂದರು ಸಾಬರು, ಪಾಪ, ಗೌರವದಿಂದಲೇ. ಅವರ ಲೆಕ್ಕ ಬೇರೆ: ಕಡ್ಡಿ ಅಂಟಿಕೊಂಡರೆ ಕಾವು ಸಾಲದು, ಜಾರಿದರೆ ಸರಿ, ಹತ್ತಿ ಹೊತ್ತಿಕೊಂಡರೆ ಜಾಸ್ತಿ. ಸೆಲ್ಸಿಯಸ್ ಸಾಹೇಬರಿಗೂ ಇಷ್ಟು ಸಲೀಸಾದ ಅಳತೆ ಹೊಳೆದಿರಲಿಲ್ಲ.

ಲೇಖನ ಬಂತು, ಎರಡು ಫೋಟೊ ಸಮೇತ. ಪತ್ರಿಕೆ ಹಿಡಿದುಕೊಂಡು ಬೇವಿನ ಮರದಡಿಗೆ ಹೋದೆ. ಅವರ ಮಗ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದ. ಸಾಬರು ಕಣ್ಣು ಮುಚ್ಚಿಕೊಂಡು ಕೇಳಿದರು, ನಡುನಡುವೆ ತಲೆದೂಗಿದರು. ಮುಗಿದ ಮೇಲೆ ಪತ್ರಿಕೆ ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ ಹೇಳಿದರು: “ಎಲ್ಲಾ ಬರ್ದಿದೀರಾ ಮೇಷ್ಟ್ರೇ. ನಮ್ಮಪ್ಪನ ತಿದಿ ತನಕ ಬರ್ದಿದೀರಾ. ನನ್ನ ಫೋನ್ ನಂಬರ್ ಒಂದು ಬರ್ದಿಲ್ವಲ್ಲ?”

ನನ್ನ ಬರವಣಿಗೆಗೆ ಬಂದ ವಿಮರ್ಶೆಗಳಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಪುತ್ತೂರಿನಲ್ಲಿ 1988ರಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ಯವರಿಗೆ ಈ ಗುಟ್ಟು ಗೊತ್ತಿತ್ತು. ಕೃಷಿಕರ ಕೈಗೇ ಲೇಖನಿ ಕೊಟ್ಟು ಬರೆಸಿದರು, ಲೇಖನದ ಅಡಿಯಲ್ಲಿ ನಂಬರನ್ನೂ ಹಾಕಿದರು. ಓದಿದವನು ಫೋನ್ ಮಾಡಿ, ಬಸ್ ಹತ್ತಿ, ತೋಟಕ್ಕೇ ಹೋಗಿ ಗಿಡ ಮುಟ್ಟಿ ನೋಡಬಹುದು. ಕಾದಂಬರಿ ಓದಿ ನಾಯಕಿಗೆ ಫೋನ್ ಮಾಡಲು ಹೋದವನಿಗೆ ಎಂದಾದರೂ ಈ ಭಾಗ್ಯ ಉಂಟೇ?

ಸಾಬರ ನಂಬರ್ ಅಚ್ಚಾಗದ ಫಲ ನಾನುಂಡೆ. ಓದಿದವರು ಪತ್ರಿಕೆಯ ಕಚೇರಿಗೆ ಫೋನ್ ಮಾಡಿದರು; ಅವರು ನನ್ನ ನಂಬರ್ ಕೊಟ್ಟರು. ಆಮೇಲೆ ನಮ್ಮ ಜಗಲಿ ನಮ್ಮದಾಗಿ ಉಳಿಯಲಿಲ್ಲ. ಹೇಳಿ ಕೇಳಿ ಬಂದವರು ಸ್ವಲ್ಪ ಜನ, ಹೇಳದೆ ಪಾತ್ರೆ ಇಟ್ಟು ಹೋದವರು ಬಹಳ ಜನ. ತಪ್ಪಲೆ, ಬೋಗುಣಿ, ಒಬ್ಬರ ಮನೆಯ ಕೊಪ್ಪರಿಗೆಯಂತೂ ಬಾಗಿಲಲ್ಲಿ ತೂರದೆ ಅಂಗಳದಲ್ಲೇ ಕೂತಿತು. ಯಾರದು ಯಾವುದು ಎಂದು ನನ್ನಾಕೆ ಹಳೆಯ ಹಾಜರಿ ಪುಸ್ತಕದಲ್ಲಿ ಬರೆದಿಡಲು ಶುರುಮಾಡಿದಳು. “ಇಷ್ಟು ವರ್ಷಕ್ಕೆ ನಿಮ್ಮ ಬರವಣಿಗೆ ಒಂದು ಕೆಲಸಕ್ಕೆ ಬಂತು” ಎಂದಳು. ಅದರಲ್ಲಿ ವ್ಯಂಗ್ಯ ಹುಡುಕಿದೆ, ಸಿಗಲಿಲ್ಲ. ಸಾಬರು ನಮ್ಮ ಮನೆಯ ಪಾತ್ರೆಗಳಿಗೆ ದುಡ್ಡು ತೆಗೆದುಕೊಳ್ಳಲಿಲ್ಲವಾದ್ದರಿಂದ ಅಟ್ಟ ಸೇರಿದ್ದ ಹಿತ್ತಾಳೆಯೆಲ್ಲ ಒಲೆಗೆ ಇಳಿಯಿತು. ಹೊಸ ಕಲಾಯಿಯ ತಪ್ಪಲೆಯಲ್ಲಿ ಕುದಿದ ತಿಳಿಸಾರಿನ ರುಚಿಯನ್ನು ಸಂಭಾವನೆಯ ಲೆಕ್ಕಕ್ಕೆ ಸೇರಿಸುವುದಾದರೆ ನಾನು ಆದಾಯ ತೆರಿಗೆ ಕಟ್ಟಬೇಕಾಗುತ್ತದೆ.

ಪಾತ್ರೆ ತಂದವರು ಬರಿಗೈಲಿ, ಅಂದರೆ ಬರಿಯ ಪಾತ್ರೆ ಹಿಡಿದು ಬರುತ್ತಿರಲಿಲ್ಲ. ಒಬ್ಬಾಕೆಗೆ ಆ ಬೋಗುಣಿ ಅಜ್ಜಿ ತವರಿನಿಂದ ತಂದದ್ದು, ಕಂಠದ ಹತ್ತಿರ ಅಜ್ಜಿಯ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿದ್ದರು. ಹೆಸರು ಸವೆಯದ ಹಾಗೆ ಕಲಾಯಿ ಹಾಕಿಸಿ ಎಂದು ಎರಡು ಸಲ ಹೇಳಿದಳು. ಹೆಸರಿರುವುದು ಹೊರಗೆ, ಕಲಾಯಿ ಒಳಗೆ ಎಂದು ನಾನು ಎರಡು ಸಲ ಸಮಾಧಾನ ಹೇಳಿದೆ. ಡಿವಿಜಿಯವರ ‘ಜ್ಞಾಪಕ ಚಿತ್ರಶಾಲೆ’ಯ ಎಂಟು ಸಂಪುಟಗಳಲ್ಲಿ ದಿವಾನರೂ ವಿದ್ವಾಂಸರೂ ಇದ್ದಾರೆ, ನಿಜ, ಆದರೆ ನನಗೆ ಇಷ್ಟವಾದವರು ಡಿವಿಜಿ ಬರೆಯದಿದ್ದರೆ ಯಾವ ದಾಖಲೆಯಲ್ಲೂ ಸಿಗದೇ ಹೋಗುತ್ತಿದ್ದ ಮಂದಿ. ಜಗಲಿಯಲ್ಲಿ ಕೂತು ಬೋಗುಣಿಯ ವಂಶಾವಳಿ ಕೇಳುವಾಗೆಲ್ಲ ನನಗೂ ಒಂದು ಸಣ್ಣ ಚಿತ್ರಶಾಲೆಯ ಆಸೆ ಹುಟ್ಟುತ್ತದೆ. ಅಷ್ಟರಲ್ಲಿ ಇನ್ನೊಂದು ಫೋನ್ ಬರುತ್ತದೆ: ನಾನ್‌ಸ್ಟಿಕ್ ತವಾಗೆ ಕಲಾಯಿ ಹಾಕುತ್ತಾರಾ? ಇನ್ನೊಬ್ಬರಿಗೆ ಮಗಳಿಗೆ ಬಂದ ತುಮಕೂರಿನ ಸಂಬಂಧ ಹೇಗೆ ಎಂದು ಗೊತ್ತಾಗಬೇಕಿತ್ತು. “ನೀವು ತಿಳಿದವರು, ಪೇಪರಲ್ಲಿ ಬರೆಯೋರು” ಎಂದರು. ನಿಜ ಬರೆಯುವವನು ನಿಜ ಹೇಳುತ್ತಾನೆಂದು ಜನ ನಂಬುವುದು ಈ ಕಾಲದಲ್ಲಿ ಸಣ್ಣ ಮಾತಲ್ಲ. ವಿಚಾರಿಸಿ ಹೇಳಿದೆ ಕೂಡ, ಹುಡುಗ ಒಳ್ಳೆಯವನು.

ಧಾರವಾಡದ ಕಡೆಯಿಂದ ನಿವೃತ್ತ ಹೆಡ್‌ಮಾಸ್ತರರೊಬ್ಬರು ಅಂಚೆಯಲ್ಲಿ ಕಾಗದ ಬರೆದಿದ್ದರು, ಮಾರ್ಜಿನ್ ಬಿಟ್ಟು, ದಿನಾಂಕ ಹಾಕಿ. “ಲೇಖನ ಛಲೋ ಅದ. ಆದ್ರ ಹುಣಸೀಹಣ್ಣಿನ ಜೋಡಿ ಇಟ್ಟಂಗಿ ಪುಡಿ ಹಚ್ಚಿ ತಿಕ್ಕೂದು ನೀವು ಬರದಿಲ್ಲ. ನಮ್ಮ ಅವ್ವ ಹಂಗ ತಿಕ್ಕತಿದ್ರು.” ಅಲ್ಲಿಂದ ಮುಂದೆ ನಾಲ್ಕು ಪುಟ ಅವ್ವನ ವಿಚಾರ. ನನ್ನ ಲೇಖನ ಎರಡೂವರೆ ಪುಟ ಇತ್ತು. ಅದಕ್ಕಿಂತ ಅವರ ಕಾಗದವೇ ಚೆನ್ನಾಗಿತ್ತು. ಅದನ್ನು ಮುಂದಿಟ್ಟುಕೊಂಡೇ ಹೊಸದೊಂದು ಲೇಖನ ಬರೆದೆ, ಅವರ ಒಪ್ಪಿಗೆ ಕೇಳಿ. ಈ ಕಸುಬಿನಲ್ಲಿ ಬಂಡವಾಳ ಹೂಡುವವರು ಓದುಗರೇ.

ಇನ್ನೊಂದು ಲಾಭದ ಬಗ್ಗೆ ನನ್ನದೊಂದು ಸಿದ್ಧಾಂತವಿದೆ: ಆಯುಷ್ಯ. ನಿಘಂಟು ಕಟ್ಟುತ್ತ, ಓದುಗರ ಸಂಶಯಗಳಿಗೆ ‘ಇಗೋ ಕನ್ನಡ’ದಲ್ಲಿ ಉತ್ತರ ಹೇಳುತ್ತ ಇದ್ದ ಜಿ. ವೆಂಕಟಸುಬ್ಬಯ್ಯನವರು 107 ವರ್ಷ ಬದುಕಿದರು. ಕಾರಂತರು ತೊಂಬತ್ತು ದಾಟಿದ ಮೇಲೂ ಹಕ್ಕಿಗಳ ಬಗ್ಗೆ ಪುಸ್ತಕ ಬರೆಯಲು ಕೂತರು. ಎ.ಎನ್. ಮೂರ್ತಿರಾಯರು ‘ದೇವರು’ ಪುಸ್ತಕವನ್ನು 1991ರಲ್ಲಿ, ತೊಂಬತ್ತು ದಾಟಿ ಹೊರತಂದರು. ಅಷ್ಟೊಂದು ಸಂಶಯಗಳನ್ನು ಅಚ್ಚು ಹಾಕಿಸಿದವರನ್ನು ಎದುರುಗೊಳ್ಳಲು ದೇವರಿಗೂ ಮುಜುಗರವಾಗಿರಬೇಕು, 103ರವರೆಗೆ ಕರೆಸಿಕೊಳ್ಳಲಿಲ್ಲ. ಕಾರಣ ಸರಳ: ವಿಷಯ ಬರೆಯುವವರಿಗೆ ಯಾವಾಗಲೂ ಒಂದು ಇಸವಿ, ಒಂದು ಹೆಸರು, ಒಂದು ಗಿಡದ ಎಲೆ ಖಚಿತಪಡಿಸಿಕೊಳ್ಳುವುದು ಬಾಕಿ ಇರುತ್ತದೆ. ಬಾಕಿ ಇಟ್ಟುಕೊಂಡು ಹೋಗುವ ಜಾತಿಯಲ್ಲ ಅವರದು. ಸ್ವಾಮಿಯವರು ಪ್ರಶಸ್ತಿ ಬಂದ ಎರಡೇ ವರ್ಷಕ್ಕೆ, 1980ರಲ್ಲಿ, ಅಷ್ಟೇನೂ ವಯಸ್ಸಾಗದೆ ತೀರಿಕೊಂಡದ್ದು ಈ ಸಿದ್ಧಾಂತಕ್ಕೆ ಬಿದ್ದ ಪೆಟ್ಟು, ಕನ್ನಡಕ್ಕೆ ಅದಕ್ಕಿಂತ ದೊಡ್ಡ ಪೆಟ್ಟು. ಮತ್ತೆ, ಸಣ್ಣಕಥೆಗಳನ್ನು ಬರೆದುಕೊಂಡು 95 ವರ್ಷ ಬಾಳಿದ ಮಾಸ್ತಿಯವರ ಹೆಸರನ್ನು ಸಭೆಯಲ್ಲಿ ಯಾರೂ ಎತ್ತದಿದ್ದರೆ ನನ್ನ ಸಿದ್ಧಾಂತ ಇವತ್ತಿಗೂ ಗಟ್ಟಿ.

ಈಚೆಗೆ ಸಾಬರ ಮಗ ಬಸ್ ನಿಲ್ದಾಣದ ಹಿಂದೆ ಒಂದು ಪುಟ್ಟ ಮಳಿಗೆ ಹಿಡಿದ. “ಬೋರ್ಡಿಗೆ ಏನಾದ್ರೂ ಬರ್ಕೊಡಿ ಮೇಷ್ಟ್ರೇ” ಎಂದು ಸಾಬರೇ ಮನೆಗೆ ಬಂದರು. ನನಗೆ ಹುಮ್ಮಸ್ಸು ಬಂದು ಒಂದು ಪುಟ ಬರೆದೆ: ನಿಮ್ಮ ಪೂರ್ವಿಕರ ಪಾತ್ರೆಗಳಿಗೆ ಹೊಸ ಬಾಳು, ತಲೆಮಾರುಗಳಿಂದ ಬಂದ ಕೈಚಳಕ, ಆರೋಗ್ಯಕ್ಕೆ ಹಿತ್ತಾಳೆ, ಇತ್ಯಾದಿ. ಸಾಬರು ಓದಿಸಿ ಕೇಳಿದರು.

“ಪೂರ್ವಿಕರು ಬೇಡ, ಜನ ಹೆದರ್ತಾರೆ.” ಹೊಡೆದುಹಾಕಿದೆ.

“ಹೊಸ ಬಾಳು ಅಂದ್ರೆ ಎರಡನೇ ಮದುವೆ ಅನ್ಕೋತಾರೆ.” ಅದೂ ಹೋಯಿತು.

“ಕೈಚಳಕ ಬ್ಯಾಡ ಸ್ವಾಮಿ, ಆ ಮಾತಿಗೆ ಬಸ್ ಸ್ಟ್ಯಾಂಡಲ್ಲಿ ಬೇರೆ ಅರ್ಥ ಐತೆ.”

ಯಾವ ಸಂಪಾದಕರೂ ನನ್ನನ್ನು ಇಷ್ಟು ಚೆನ್ನಾಗಿ ತಿದ್ದಿರಲಿಲ್ಲ. ಕಡೆಗೆ ಬೋರ್ಡಿನ ಮೇಲೆ ಉಳಿದದ್ದು ಇಷ್ಟು: “ಕಲಾಯಿ ಹಾಕಲಾಗುವುದು. ಶುಕ್ರವಾರ ರಜ.” ಅದರ ಕೆಳಗೆ ಅರ್ಧ ಬೋರ್ಡು ತುಂಬುವಷ್ಟು ದಪ್ಪಗೆ ಫೋನ್ ನಂಬರ್. ಸಾಬರು ಜೇಬಿನಿಂದ ಇನ್ನೂರು ರೂಪಾಯಿ ತೆಗೆದು ನನ್ನ ಕೈಲಿಟ್ಟರು, ಬೇಡವೆಂದರೂ ಬಿಡಲಿಲ್ಲ. ನಾಲ್ಕು ಪದಕ್ಕೆ ಇನ್ನೂರು. ಪದಕ್ಕೆ ಐವತ್ತು ರೂಪಾಯಿ, ಅದೂ ನಗದು, ಅದೂ ಅವತ್ತೇ. ಕನ್ನಡದಲ್ಲಿ ಈ ದರ ಪಡೆದವರು ಬಹಳ ಜನ ಇರಲಾರರು ಎಂದು ಹೆಮ್ಮೆಯಿಂದ ಒಳಗೆ ಹೋಗಿ ಹೇಳಿದೆ.

ನನ್ನಾಕೆ ನೋಟುಗಳನ್ನು ಇಸಿದುಕೊಂಡು ಹಾಜರಿ ಪುಸ್ತಕದಲ್ಲಿ ಬರೆದುಕೊಳ್ಳುತ್ತ ಹೇಳಿದಳು: “ಭಾನುವಾರಾನೂ ರಜ ಅಂತ ಸೇರಿಸಬಾರದಿತ್ತೇನ್ರೀ?”